ಖಾರದ ಪುಡಿ ವ್ಯಾಪಾರಕ್ಕೆ ಇಳಿಯಬೇಕು, ಗುರುತಿನವರು ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮೇಷ್ಟ್ರ_ಮಗ
ಎಲ್ಲರಿಗೂ ನಮಸ್ಕಾರ. ಊರು ಹಾವೇರಿ ಹತ್ತಿರ, ವಯಸ್ಸು 25. ಹೋದ ವರ್ಷ ಎಂಬಿಎ ಮುಗಿಸಿದೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಅಜ್ಜನೂ ಮೇಷ್ಟ್ರು. ನಮ್ಮ ಮನೆತನದಲ್ಲಿ ಒಂದು ಬೆಂಕಿಪೊಟ್ಟಣ ಮಾರಿದವರೂ ಇಲ್ಲ.

ಬ್ಯಾಡಗಿ ಮೆಣಸಿನಕಾಯಿ ತಂದು ಪುಡಿ ಮಾಡಿಸಿ ಹುಬ್ಬಳ್ಳಿ, ಗೋವಾ ಕಡೆ ಹೋಟೆಲುಗಳಿಗೆ ಕೊಡಬೇಕು ಅನ್ನೋದು ನನ್ನ ಯೋಚನೆ. ಹೋದ ತಿಂಗಳು ಧೈರ್ಯ ಮಾಡಿ ಬ್ಯಾಡಗಿ ಮಾರುಕಟ್ಟೆಗೆ ಹೋದೆ. ಇನ್‌ಶರ್ಟ್ ಮಾಡಿಕೊಂಡು, ಕೈಯಲ್ಲಿ ಫೈಲು ಬೇರೆ. ಒಂದು ದಲಾಲಿ ಅಂಗಡಿಯಲ್ಲಿ ಕೂತಿದ್ದ ಹಿರಿಯರು "ಯಾರ ಪೈಕಿ ನೀವು?" ಅಂದರು. ಹೇಳಿದೆ. "ಯಾರು ಕಳಿಸಿದರು?" ಅಂದರು. ಯಾರೂ ಇಲ್ಲ ಅಂದೆ. ಚಹಾ ಕುಡಿಸಿ ಕಳಿಸಿಬಿಟ್ಟರು.

ಲಿಂಕ್ಡ್‌ಇನ್‌ನಲ್ಲಿ 1,800 ಜನ ಇದ್ದಾರೆ ನನಗೆ. ಹತ್ತು ಚೀಲ ಕಾಯಿ ಹದಿನೈದು ದಿನ ಉದ್ರಿ ಕೊಡೋರು ಒಬ್ಬರೂ ಇಲ್ಲ. ಈ ವ್ಯಾಪಾರ ಕಲಿಯೋದು ಎಲ್ಲಿ? ಜನರ ಪರಿಚಯ ಮಾಡಿಕೊಳ್ಳೋದು ಹೇಗೆ? ಬೆಂಗಳೂರಲ್ಲಿ ಉದ್ಯಮಿಗಳಿಗೆ ಅಂತ ಒಂದು ಕೋರ್ಸ್ ಇದೆ, 2 ಲಕ್ಷ ಫೀಸು. ಸೇರಲಾ?

ಉದ್ರಿ_ನಾಳೆ
ಚಹಾ ಕುಡಿಸಿದರಲ್ಲ, ಇನ್ನೇನು ಬೇಕು? ನನಗೆ ಮೊದಲ ಸಲ ನೀರೂ ಕೇಳಿರಲಿಲ್ಲ.

ಬೆಂಗ್ಳೂರ್_ಬಾಡಿಗೆ
ಮೊದಲು ಬ್ರ್ಯಾಂಡ್ ಕಟ್ಟು ಗುರೂ. ಒಳ್ಳೆ ಲೋಗೊ, ಇನ್‌ಸ್ಟಾಗ್ರಾಂ ಪೇಜ್. ಕಾಯಿ ಯಾರು ಬೇಕಾದರೂ ಕೊಡುತ್ತಾರೆ. ಇನ್ಫೋಸಿಸ್ 1981ರಲ್ಲಿ ಹತ್ತು ಸಾವಿರ ರೂಪಾಯಿಯಲ್ಲಿ ಶುರುವಾಗಿದ್ದು, ಮರೀಬೇಡ.

ಘಾಟು
ಈ ಹತ್ತು ಸಾವಿರದ ಕಥೆ ಬರದೆ ಒಂದು ಚರ್ಚೆಯೂ ಮುಗಿಯಲ್ಲ ಅಲ್ವಾ. ಇನ್ಫೋಸಿಸ್ ಕಟ್ಟಿದವರೆಲ್ಲ ಮೊದಲು ಪಟ್ನಿ ಅನ್ನೋ ಸಾಫ್ಟ್‌ವೇರ್ ಕಂಪನಿಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಕೆಲಸ ಗೊತ್ತಿತ್ತು, ಒಬ್ಬರಿಗೊಬ್ಬರು ಗೊತ್ತಿದ್ದರು. ಅದನ್ನ ಮಾತ್ರ ಯಾರೂ ಹೇಳಲ್ಲ.

ಲಾಟ್_ನಂಬರ್
ತಮ್ಮಾ, ನಾನು ದಲಾಲಿ ಅಂಗಡಿಯೊಂದರಲ್ಲಿ 11 ವರ್ಷ ಲೆಕ್ಕ ಬರೆದವನು. ಈಗ ಸಣ್ಣದಾಗಿ ಸ್ವಂತ ಖರೀದಿ ಮಾಡುತ್ತೇನೆ. ಆ ಹಿರಿಯರು ಯಾಕೆ ಹಾಗೆ ಕೇಳಿದರು ಅನ್ನೋದು ಮೊದಲು ತಿಳಿದುಕೋ. ನಿನ್ನನ್ನ ಅವಮಾನ ಮಾಡೋಕೆ ಕೇಳಿದ್ದಲ್ಲ.

ರೈತ ಕಾಯಿ ತರುತ್ತಾನೆ. ದಲಾಲಿ ಅಂಗಡಿ ಮುಂದೆ ಸುರಿಯುತ್ತಾರೆ, ಲಾಟ್ ನಂಬರ್ ಬೀಳುತ್ತೆ. ಖರೀದಿದಾರರು ಓಡಾಡಿ ನೋಡಿ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಜಾಸ್ತಿ ಹಾಕಿದವನಿಗೆ ಮಾಲು. ರೈತ ಕಾಯೋನಲ್ಲ, ಅವನಿಗೆ ದಲಾಲ ಕೈಯಿಂದ ರೊಕ್ಕ ಕೊಡುತ್ತಾನೆ. ಖರೀದಿದಾರ ಕೊಡೋದು ವಾರಕ್ಕೋ ತಿಂಗಳಿಗೋ. ನಡುವಿನ ಅಷ್ಟೂ ದಿನ ದಲಾಲನ ರೊಕ್ಕ ಗಾಳಿಯಲ್ಲಿ ಇರುತ್ತೆ. ಗುರುತಿಲ್ಲದವನು ಫೈಲು ಹಿಡಿದು ಬಂದರೆ "ಯಾರು ಕಳಿಸಿದರು" ಅಂತ ಕೇಳದೆ ಇನ್ನೇನು ಕೇಳುತ್ತಾನೆ? ನೀನು ಓಡಿಹೋದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದು ಅವನ ಪ್ರಶ್ನೆ.

ಇನ್ನೊಂದು. ಲೈಸೆನ್ಸ್ ಇಲ್ಲದೆ ನೀನೇ ಟೆಂಡರಿಗೆ ದರ ಹಾಕೋಕೆ ಆಗಲ್ಲ. ಮೊದಮೊದಲು ಲೈಸೆನ್ಸ್ ಇರೋ ಸಣ್ಣ ಖರೀದಿದಾರನ ಹತ್ತಿರ ಎರಡು ಚೀಲ, ಮೂರು ಚೀಲ ನಗದಿಗೆ ತಗೋ. ಉದ್ರಿ ಬಾಯಿ ಬಿಟ್ಟು ಕೇಳಬೇಡ.

ಮೇಷ್ಟ್ರ_ಮಗ
ಇದು ಎಂಬಿಎಯಲ್ಲಿ 'ವರ್ಕಿಂಗ್ ಕ್ಯಾಪಿಟಲ್' ಅಂತ ಒಂದು ಅಧ್ಯಾಯ ಇತ್ತು ಸರ್. 72 ಮಾರ್ಕ್ಸ್ ಬಂದಿತ್ತು. ಈಗ ಅರ್ಥ ಆಯಿತು.

ಘಾಟು
72 ತೆಗೆದವನಿಗೆ ಚಹಾ. 90 ತೆಗೆದಿದ್ದರೆ ಖಾರಾ ಮಂಡಕ್ಕಿನೂ ಕೊಡುತ್ತಿದ್ದರು.

ದಾದರ್_ಲೋಕಲ್
ನಾನು ಮುಂಬೈನವನು, ಮೂಲ ಕುಂದಾಪುರ ಕಡೆ. ನಮ್ಮ ಕಡೆಯ ಹೋಟೆಲಿನವರು ಹೇಗೆ ಕಲಿತರು ನೋಡಿ. ಹನ್ನೆರಡು ಹದಿಮೂರು ವರ್ಷದ ಹುಡುಗ ಊರು ಬಿಟ್ಟು ಬರುತ್ತಿದ್ದ. ಮೊದಲು ಲೋಟ ತೊಳೆಯೋದು, ಆಮೇಲೆ ಟೇಬಲ್ ಒರೆಸೋದು, ಸಪ್ಲೈ, ಅಡಿಗೆಮನೆ, ಕೊನೆಗೆ ಗಲ್ಲಾ. ರಾತ್ರಿ ಕನ್ನಡ ರಾತ್ರಿಶಾಲೆ. ಮಾಟುಂಗಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಅದನ್ನ ಶುರು ಮಾಡಿದ ರಾಮ ನಾಯಕರೂ ಪಾತ್ರೆ ತೊಳೆಯುವುದರಿಂದಲೇ ಬಂದವರು.

ನನ್ನ ದೊಡ್ಡಪ್ಪ ಹೇಳುತ್ತಿದ್ದರು, ಗಲ್ಲಾದಲ್ಲಿ ಕೂರೋ ಹೊತ್ತಿಗೆ ಹಾಲಿನವನು, ತರಕಾರಿಯವನು, ಇದ್ದಿಲಿನವನು ಎಲ್ಲರಿಗೂ ಆ ಹುಡುಗನ ಮುಖ ಹತ್ತು ವರ್ಷದಿಂದ ಗೊತ್ತಿರುತ್ತಿತ್ತು. ಅವನು ಸ್ವಂತ ಹೋಟೆಲ್ ಇಟ್ಟ ದಿನ ಹಾಲಿನವನು ಅಡ್ವಾನ್ಸ್ ಕೇಳುತ್ತಿರಲಿಲ್ಲ.

ಸತ್ಯ_ಕಹಿ
ಒಳ್ಳೆ ಕಥೆ. ಆದರೆ ಆ ಹುಡುಗನನ್ನ ಮೊದಲ ದಿನ ಒಳಗೆ ಬಿಟ್ಟುಕೊಂಡಿದ್ದು ಯಾಕೆ? ಊರಿನವನು, ನೆಂಟ, ಜಾತಿಯವನು ಅಂತ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಬಟ್ಟೆ ಅಂಗಡಿ ಮಾರವಾಡಿಗಳಲ್ಲೂ ಅದೇ. ರಾಜಸ್ಥಾನದಿಂದ ಬಂದ ಹುಡುಗ ಅಂಗಡಿಯಲ್ಲೇ ಮಲಗುತ್ತಾನೆ, ನಾಲ್ಕೈದು ವರ್ಷ ದುಡಿಯುತ್ತಾನೆ, ಆಮೇಲೆ ಅದೇ ಮಾಲೀಕ ಮಾಲು ಉದ್ರಿ ಕೊಟ್ಟು ಬೇರೆ ಊರಲ್ಲಿ ಅಂಗಡಿ ಇಡಿಸುತ್ತಾನೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಬೇಕರಿಗಳೂ ಹಾಗೇ ಊರೂರಿಗೆ ಹರಡಿದ್ದು. "ಯಾರ ಪೈಕಿ ನೀವು" ಅನ್ನೋದಕ್ಕೆ ಅರ್ಥ ಅಷ್ಟೇ. ನಮ್ಮಂಥವರಿಗೆ ಆ ಬಾಗಿಲು ಇಲ್ಲ. ನಾನು ಚರ್ಮದ ಬ್ಯಾಗು ಮಾಡಿಸುತ್ತೇನೆ. ಮೊದಲ ಆರ್ಡರ್ ಸಿಗೋಕೆ ಎರಡು ವರ್ಷ ಹಿಡಿಯಿತು. ಅದೂ ಊರಿನ ಹೆಸರು ಹೇಳದೆ ಫೋನಿನಲ್ಲಿ ಮಾತಾಡಿದ್ದಕ್ಕೆ ಸಿಕ್ಕಿದ್ದು.

ಲಾಟ್_ನಂಬರ್
ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಬಜಾರಿನಲ್ಲೂ ಇದೆ. ಆದರೆ ಒಂದೇ ಜಾತಿಯವನು ಟೋಪಿ ಹಾಕಿದ್ದನ್ನ ನಾನೇ ನಾಲ್ಕು ಸಲ ನೋಡಿದ್ದೇನೆ. ಅದಾದ ಮೇಲೆ ನಮ್ಮ ಮಾಲೀಕರು ಬಂಧು-ಬಳಗ ನೋಡೋದು ಬಿಟ್ಟು ಹಳೇ ಲೆಕ್ಕ ನೋಡೋಕೆ ಶುರು ಮಾಡಿದರು.

ಸತ್ಯ_ಕಹಿ
ಹಳೇ ಲೆಕ್ಕ ಹುಟ್ಟಬೇಕಾದರೆ ಮೊದಲ ಲೆಕ್ಕ ಬರೆಯಬೇಕಲ್ಲ ಸರ್. ನಾನು ಮಾತಾಡುತ್ತಿರೋದು ಅದರ ಬಗ್ಗೆ.

ಲಾಟ್_ನಂಬರ್
ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸಂಘದ_ಅಕ್ಕ
ಬಾಗಿಲು ಇಲ್ಲದವರ ಪಟ್ಟಿಗೆ ನಮ್ಮನ್ನೂ ಸೇರಿಸಿ. ಬಜಾರಿನಲ್ಲಿ ತೊಟ್ಟು ಬಿಡಿಸೋ ಹೆಂಗಸರು ನೂರಾರು. ಗಾದಿ ಮೇಲೆ ಕೂತವರು ಎಷ್ಟು ಜನ ಹೆಂಗಸರಿದ್ದಾರೆ ಎಣಿಸಿ ನೋಡಿ.

ನಾವು ಸ್ತ್ರೀಶಕ್ತಿ ಸಂಘದಿಂದ ಮಸಾಲೆ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡುತ್ತೇವೆ. ಒಂಬತ್ತು ವರ್ಷ ಆಯಿತು. ನನಗೆ ಮೊದಲ ಪಾಠ ಹೇಳಿಕೊಟ್ಟವಳು ತೊಟ್ಟು ಬಿಡಿಸುವ ಒಬ್ಬ ಅಜ್ಜಿ. ದಿನಕ್ಕೆ ಎಷ್ಟೋ ಕೆಜಿ ಕಾಯಿ ಅವಳ ಕೈಯಲ್ಲಿ ಹಾಯುತ್ತೆ, ಅವಳಿಗಿಂತ ಚೆನ್ನಾಗಿ ಕಾಯಿ ಯಾರಿಗೆ ಗೊತ್ತು? ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೀಜ ಗಲಗಲ ಅಂದರೆ ಒಣಗಿದೆ. ಇನ್ನೊಂದನ್ನ ಬಾಗಿಸಿದಳು, ರಬ್ಬರಿನ ಹಾಗೆ ಬಾಗಿತು. ನೀರು ಹೊಡೆದಿದ್ದಾರೆ, ತೂಕಕ್ಕೆ, ಅಂದಳು. ಮೂರನೆಯದನ್ನ ತೊಟ್ಟಿನ ಹತ್ತಿರ ಮುರಿದು ಒಳಗೆ ತೋರಿಸಿದಳು. ಹೊರಗೆ ಕೆಂಪು, ಒಳಗೆ ಬೂದು ಬಣ್ಣದ ಬೂಸ್ಟು. "ಇಂಥದ್ದು ಒಂದು ಮುಷ್ಟಿ ಬಿದ್ದರೆ ಇಡೀ ಡಬ್ಬಿ ವಾಸನೆ" ಅಂದಳು. ಇದಕ್ಕೆ ನಾನು ಕೊಟ್ಟ ಫೀಸು ಒಂದು ಎಲೆ-ಅಡಿಕೆ ಪೊಟ್ಟಣ.

2 ಲಕ್ಷ ಕೊಡಬೇಡ ತಮ್ಮಾ. ಆ ದುಡ್ಡಿಗೆ ಕಾಯಿ ತಗೋ, ಹಾಳು ಮಾಡು, ಕಲಿ.

ಒಗ್ಗರಣೆ
ಡಬ್ಬಿ ಅಂದ ಕೂಡಲೆ ನೆನಪಾಯಿತು. ಪುಡಿಗೆ ಬ್ಯಾಡಗಿಯಲ್ಲಿ ಡಬ್ಬಿ ಕಾಯಿ ಒಳ್ಳೇದಾ, ಉದ್ದ ಸಪೂರ ಕಡ್ಡಿ ಕಾಯಿನಾ? ನಮ್ಮತ್ತೆ ಮತ್ತು ನಮ್ಮಮ್ಮನಿಗೆ ಈ ವಿಷಯದಲ್ಲಿ ಹದಿನಾಲ್ಕು ವರ್ಷದಿಂದ ಜಗಳ.

ಘಾಟು
ಡಬ್ಬಿ. ಗಿಡ್ಡ, ದಪ್ಪ, ಬಣ್ಣ ನೋಡಬೇಕು ನೀವು.

ಉದ್ರಿ_ನಾಳೆ
ಕಡ್ಡಿ. ನಿಮ್ಮ ಅತ್ತೆ ಯಾವ ಪಾರ್ಟಿ? ನಾನು ಅವರ ಕಡೆ.

ಲಾಟ್_ನಂಬರ್
ಈಗ ಅಂಗಡಿಯಲ್ಲಿ 'ಬ್ಯಾಡಗಿ' ಅಂತ ಸಿಗೋದರಲ್ಲಿ ಜಾಸ್ತಿ ಎರಡೂ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರ ಕಡೆಯಿಂದ 2043, 5531 ಅನ್ನೋ ಹೈಬ್ರಿಡ್ ಕಾಯಿ ಬರುತ್ತೆ. ಬ್ಯಾಡಗಿಗೆ 2011ರಲ್ಲಿ ಜಿಐ, ಅಂದರೆ ಇಂಥ ನೆಲದ ಮಾಲು ಅನ್ನೋ ಸರ್ಕಾರದ ಗುರುತು, ಸಿಕ್ಕಿದೆ. ಸಿಕ್ಕಿದ್ದು ಈ ಮಣ್ಣಿನ ಕಾಯಿಗೆ. ಬ್ಯಾಡಗಿ ಮಾರುಕಟ್ಟೆಗೆ ಬಂದಿದ್ದೆಲ್ಲ ಬ್ಯಾಡಗಿ ಕಾಯಿ ಆಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹೋಟೆಲಿನವರ ಮುಂದೆ ನಿಂತರೆ ಮೊದಲ ದಿನವೇ ಮಾನ ಹೋಗುತ್ತೆ.

ಲೆಕ್ಕದವ
ನಾನು ಸಿಎ. ದುಡ್ಡು ಕೊಡದೆ ಸಿಗೋ ಕಲಿಕೆ ಬೇಕಾದಷ್ಟಿದೆ, ಹುಡುಗರು ಕೇಳಲ್ಲ ಅಷ್ಟೇ. ಉಜಿರೆಯಲ್ಲಿ 1982ರಲ್ಲಿ ಶುರುವಾದ, ಸ್ವಉದ್ಯೋಗದ ತರಬೇತಿ ಕೊಡೋ ರುಡ್‌ಸೆಟ್ ಇದೆ. ಧಾರವಾಡ, ಚಿತ್ರದುರ್ಗ, ವಿಜಯಪುರದಲ್ಲೂ ಇದೆ. ಊಟ-ವಸತಿ ಸೇರಿ ಉಚಿತ. ಅದೇ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಗೆ ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರಗಳು ಬಂದಿವೆ. ಧಾರವಾಡದಲ್ಲಿ ಉದ್ಯಮ ಶುರು ಮಾಡೋರಿಗೆ ತರಬೇತಿ ಕೊಡೋ ಸಿಡಾಕ್ ಇದೆ. ಪುಡಿ ಮಾಡೋ ತಂತ್ರ ಬೇಕು ಅಂದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಣ್ಣ ಕೋರ್ಸ್‌ಗಳನ್ನ ನಡೆಸುತ್ತೆ, ಅದಕ್ಕೆ ಫೀಸು ಇದೆ.

ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ತಯಾರಿಕೆ ಘಟಕಗಳಿಗೆ 2020ರಲ್ಲಿ ಬಂದ ಯೋಜನೆ. ಕೇಂದ್ರದ್ದು ಶೇ 35, ನಮ್ಮ ರಾಜ್ಯ ಮೇಲೆ ಶೇ 15 ಸೇರಿಸಿ ಅರ್ಧದಷ್ಟು ಸಬ್ಸಿಡಿ ಕೊಟ್ಟಿತ್ತು, 15 ಲಕ್ಷದ ಮಿತಿ. ಬ್ಯಾಂಕ್ ಸಾಲಕ್ಕೆ ಸೇರಿಸಿ ಬರುತ್ತೆ. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿಗೆ ಒಂದು ಪೈಸೆ ಇಲ್ಲ, ಯಾರಾದರೂ ಸಾವಿರ-ಎರಡು ಸಾವಿರ ಕೇಳಿದರೆ ಓಡಿಸು.

ಒಗ್ಗರಣೆ
ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಲ್ವಾ? ಸುಮ್ನೆ ತಲೆನೋವು ಯಾಕೆ.

ಲೆಕ್ಕದವ
ರಾಜ್ಯದ ಒಳಗೆ ಮಾರಿದರೆ ಸರಿ. ಇವನು ಗೋವಾ ಅಂತಿದ್ದಾನೆ. ಬೇರೆ ರಾಜ್ಯಕ್ಕೆ ಮಾಲು ಮಾರಿದರೆ ಒಂದು ಕೆಜಿಗೂ ನೋಂದಣಿ ಬೇಕು.

ಮೇಷ್ಟ್ರ_ಮಗ
ಅಯ್ಯೋ, ಇದು ಗೊತ್ತಿರಲಿಲ್ಲ. ಹಾಗಾದರೆ ಗೋವಾ ಆಮೇಲೆ.

ಲಾರಿ_ರಶೀದಿ
ಯಾರೂ ಹೇಳದ ಜಾಗ ಒಂದು ಹೇಳುತ್ತೇನೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಕೌಂಟರ್.

ನಾನು ಡಿಗ್ರಿ ಫೇಲಾಗಿ ಹುಬ್ಬಳ್ಳಿಯಲ್ಲಿ ಲಾರಿ ಆಫೀಸಿಗೆ ಸೇರಿದ್ದೆ, ರಶೀದಿ ಬರೆಯೋಕೆ. ಆರು ತಿಂಗಳಲ್ಲಿ ಯಾರು ಯಾರಿಗೆ ಏನು ಕಳಿಸುತ್ತಾರೆ, ಎಷ್ಟು ಚೀಲ, ಯಾವ ತಿಂಗಳು ಜಾಸ್ತಿ, ಯಾರ ಮಾಲು ಗೋಡೌನಿನಲ್ಲಿ ಬಿಡಿಸಿಕೊಳ್ಳದೆ ಕೊಳೆಯುತ್ತೆ, ಎಲ್ಲ ಗೊತ್ತಾಯಿತು. ಮಾಲು ಬಿಡಿಸಿಕೊಳ್ಳೋಕೆ ತಡ ಮಾಡೋ ಅಂಗಡಿ ಅಂದರೆ ಅವನ ಹತ್ತಿರ ರೊಕ್ಕ ಇಲ್ಲ ಅಂತ ಅರ್ಥ. ಅಂಥವನಿಗೆ ಉದ್ರಿ ಕೊಡಬಾರದು. ಈ ಮಾಹಿತಿ ಯಾವ ಬ್ಯಾಂಕಿನವನ ಹತ್ತಿರವೂ ಇರಲ್ಲ. ಎರಡು ವರ್ಷ ಆದ ಮೇಲೆ ನಾನೇ ಬೇಳೆ ವ್ಯಾಪಾರ ಶುರು ಮಾಡಿದೆ. ಮೊದಲ ಮೂರು ಗಿರಾಕಿಗಳು ಕೌಂಟರಿನಲ್ಲಿ ನನ್ನ ಜೊತೆ ಬೀಡಿ ಸೇದುತ್ತಿದ್ದವರು.

ಬೆಂಗ್ಳೂರ್_ಬಾಡಿಗೆ
ಅಲ್ಲ ಸ್ವಾಮಿ, ಎಂಬಿಎ ಮಾಡಿದವನು ಲಾರಿ ಆಫೀಸಲ್ಲಿ ರಶೀದಿ ಬರೀಬೇಕಾ? ಮದುವೆ ಬೇಡವಾ ಅವನಿಗೆ? ನೆಟ್‌ವರ್ಕಿಂಗ್ ಗುಂಪುಗಳಿವೆ, ವಾರಕ್ಕೊಮ್ಮೆ ಬೆಳಗ್ಗೆ 7ಕ್ಕೆ ಹೋಟೆಲಿನಲ್ಲಿ ಸೇರುತ್ತಾರೆ. ಅಲ್ಲಿ ಹೋದರೆ ಒಂದೇ ವರ್ಷದಲ್ಲಿ ಸಂಪರ್ಕ.

ಉದ್ರಿ_ನಾಳೆ
ಅಂಥ ಒಂದು ಗುಂಪಿಗೆ ನಾನು ವರ್ಷದ ಫೀಸು ಕಟ್ಟಿ ಹೋಗಿದ್ದೆ. ಇಬ್ಬರು ಇನ್ಶೂರೆನ್ಸ್, ಮೂವರು ಫೋಟೋಗ್ರಾಫರ್, ಒಬ್ಬ ಸೋಲಾರ್. ಎಲ್ಲರೂ ಎದ್ದು ನಿಂತು ಒಂದು ನಿಮಿಷ ತಮ್ಮ ಬಗ್ಗೆ ಹೇಳೋದು, ಚಪ್ಪಾಳೆ, ಇಡ್ಲಿ. ವರ್ಷದ ಕೊನೆಗೆ ನನಗೆ ಎರಡು ಪಾಲಿಸಿ, ಒಂದು ಫ್ಯಾಮಿಲಿ ಫೋಟೋ ಆಗಿತ್ತು. ಒಂದು ಕೆಜಿ ಮಾಲೂ ಹೋಗಲಿಲ್ಲ.

ಲೆಕ್ಕದವ
ಪೂರ್ತಿ ತಳ್ಳಿಹಾಕಬೇಡಿ. ನನಗೆ ಹಾಗೇ ಸಿಕ್ಕ ಏಳು ಜನ ಗಿರಾಕಿಗಳಿದ್ದಾರೆ. ಸೇವೆ ಮಾರೋರಿಗೆ ಅದು ಕೆಲಸ ಮಾಡುತ್ತೆ. ಚೀಲದಲ್ಲಿ ಮಾಲು ಮಾರೋರಿಗೆ ಕಷ್ಟ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ 1928ರಿಂದ ಇದೆ. ಅಲ್ಲಿನ ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂತು ಕೇಳು, ಭಾಷಣ ಮುಗಿದ ಮೇಲೆ ಊಟದ ಸಾಲಲ್ಲಿ ಮಾತಾಡು.

ಸಂಘದ_ಅಕ್ಕ
ಊಟದ ಸಾಲು ನಿಜ. ನನಗೆ ಪಾಕೀಟು ಮಾಡಿಕೊಡೋನು ಸಿಕ್ಕಿದ್ದು ಒಂದು ಮೇಳದಲ್ಲಿ, ಕೈ ತೊಳೆಯೋ ನಲ್ಲಿ ಹತ್ತಿರ. ಅವನೇ ಹೇಳಿದ್ದು, "ಅಕ್ಕಾ, ಈಗಲೇ ಪ್ರಿಂಟಿನ ಪೌಚ್ ಮಾಡಿಸಬೇಡಿ, ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಖರ್ಚು ಬೀಳುತ್ತೆ, ರಾಶಿ ಆರ್ಡರ್ ಕೊಡಬೇಕು. ಖಾಲಿ ಪೌಚಿಗೆ ಸ್ಟಿಕ್ಕರ್ ಅಂಟಿಸಿ." ತನಗೇ ಬರೋ ಆರ್ಡರ್ ಬಿಟ್ಟು ಹೇಳಿದ. ಇವತ್ತಿಗೂ ಅವನ ಹತ್ತಿರವೇ ಮಾಡಿಸುತ್ತೇನೆ.

ಮೇಷ್ಟ್ರ_ಮಗ
ಅಕ್ಕಾ, ಮೊದಲ ಗಿರಾಕಿ ಹೇಗೆ ಸಿಕ್ಕರು ನಿಮಗೆ?

ಸಂಘದ_ಅಕ್ಕ
ಖಾನಾವಳಿ. ದೊಡ್ಡ ಹೋಟೆಲಿಗೆ ಹೋಗಬೇಡ, ಅವರು ಎರಡು ತಿಂಗಳು ಸತಾಯಿಸುತ್ತಾರೆ. ಖಾನಾವಳಿ ಅಮ್ಮನಿಗೆ ಅರ್ಧ ಕೆಜಿ ಕೊಟ್ಟು ಬಂದೆ, ದುಡ್ಡು ಬೇಡ ಅಂದೆ. ನಾಲ್ಕನೇ ದಿನ ಮಧ್ಯಾಹ್ನ ಮೂರಕ್ಕೆ ಹೋದೆ, ಊಟದ ಗದ್ದಲ ಮುಗಿದ ಮೇಲೆ. "ಬಣ್ಣ ಚಲೋ ಐತಿ, ಎಣ್ಣಿ ಮ್ಯಾಲ ಬರವಲ್ದು" ಅಂದಳು. ನಾನು ಗಿರಣಿಯಲ್ಲಿ ಜೋರು ಸ್ಪೀಡಿನಲ್ಲಿ ಬೀಸಿಸಿದ್ದೆ, ಪುಡಿ ಕಾದು ಕೈ ಇಡೋಕೆ ಆಗುತ್ತಿರಲಿಲ್ಲ. ಆಮೇಲೆ ಬೆಳಗ್ಗೆ ಐದಕ್ಕೆ ತಂಪು ಹೊತ್ತಿನಲ್ಲಿ, ನಿಧಾನಕ್ಕೆ ಎರಡು ಸಲ ಬೀಸಿಸಿದೆ. ಆ ಅಮ್ಮ ಇನ್ನೂ ನಾಲ್ಕು ಖಾನಾವಳಿಗೆ ಹೇಳಿದಳು.

ಘಾಟು
ದೊಡ್ಡ ಹೋಟೆಲು ಸತಾಯಿಸಿದರೆ ಕಾನೂನು ಇದೆಯಲ್ಲ? 45 ದಿನದಲ್ಲಿ ಕೊಡಬೇಕು ಅಂತ ಓದಿದ್ದೆ.

ಲೆಕ್ಕದವ
ಇದೆ, ಸಣ್ಣ ಉದ್ದಿಮೆಗಳಿಗೆ ಅಂತ 2006ರಲ್ಲಿ ಬಂದ ಎಂಎಸ್‌ಎಂಇ ಕಾಯ್ದೆ. ಕರಾರು ಬರೆದಿದ್ದರೂ 45 ದಿನ ಮೀರುವ ಹಾಗಿಲ್ಲ, ಬರೆದಿಲ್ಲ ಅಂದರೆ 15 ದಿನ. ತಯಾರಕರಿಗೆ ಅನ್ವಯಿಸುತ್ತೆ, ಪುಡಿ ಮಾಡೋನು ತಯಾರಕನೇ. ಉದ್ಯಮ್ ನೋಂದಣಿ ಇರಬೇಕು. ಆನ್‌ಲೈನಿನಲ್ಲೇ ದೂರು ಕೊಡಬಹುದು.

ಉದ್ರಿ_ನಾಳೆ
ದೂರು ಕೊಟ್ಟ ಮರುದಿನ ಆ ಹೋಟೆಲು ನಿನ್ನ ಪುಡಿ ತಗೊಳ್ಳುತ್ತಾ?

ಲೆಕ್ಕದವ
ದುಡ್ಡು ಕೊಡದ ಗಿರಾಕಿ ಇದ್ದರೆಷ್ಟು ಬಿಟ್ಟರೆಷ್ಟು.

ಉದ್ರಿ_ನಾಳೆ
ನೀವು ಸಂಬಳದ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ ಸಾರ್. ನನಗೆ 70 ಸಾವಿರ ಬಾಕಿ ಇಟ್ಟ ಗಿರಾಕಿಯೇ ಎಂಟು ವರ್ಷದಿಂದ ನನ್ನ ಅಂಗಡಿ ನಡೆಸುತ್ತಿರೋದು. ತಡ ಮಾಡುತ್ತಾನೆ, ಮುಳುಗಿಸಲ್ಲ. ಎರಡಕ್ಕೂ ವ್ಯತ್ಯಾಸ ಇದೆ.

ಒಗ್ಗರಣೆ
ನಮ್ಮತ್ತೆ ಕಡ್ಡಿ ಪಾರ್ಟಿ. ಕೇಳಿದ್ದಿರಲ್ಲ ಅದಕ್ಕೆ.

ಮೇಷ್ಟ್ರ_ಮಗ (ಎರಡು ತಿಂಗಳ ನಂತರ)
ಮತ್ತೆ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ. ಕೋರ್ಸಿಗೆ ಸೇರಲಿಲ್ಲ. ಎಂಟು ವಾರ ಪ್ರತಿ ಸೋಮವಾರ, ಗುರುವಾರ ಮಾರುಕಟ್ಟೆಗೆ ಹೋದೆ. ಇನ್‌ಶರ್ಟ್ ಬಿಟ್ಟೆ, ಫೈಲೂ ಬಿಟ್ಟೆ, ಮೂಗಿಗೆ ಟವೆಲ್ ಕಟ್ಟಿಕೊಳ್ಳೋದು ಕಲಿತೆ. ಮೊದಲ ಎರಡು ವಾರ ಬರೀ ಸೀನಿದ್ದೇ. ಲಾಟ್ ನೋಡಿ ದರ ಮನಸ್ಸಲ್ಲಿ ಅಂದಾಜು ಮಾಡಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ, ಆಮೇಲೆ ಬಂದ ದರಕ್ಕೆ ಹೋಲಿಸಿ ನೋಡುತ್ತಿದ್ದೆ. ಅದೇ ಹಿರಿಯರು ಒಂದು ದಿನ ಕರೆದು "ಏನು ಬರೀತಿ ತೋರಿಸು" ಅಂದರು. ಚೀಟಿ ನೋಡಿ ನಕ್ಕರು. ನಾನು ಬರೆದಿದ್ದ ದರಕ್ಕೂ ನಿಜಕ್ಕೂ ಭೂಮಿ-ಆಕಾಶ. "ಮೇಷ್ಟ್ರೇ, ನಾಳೆ ಅಲ್ಲ, ಗುರುವಾರ ಬಾ" ಅಂದರು. ಆ ಗುರುವಾರ ಒಬ್ಬ ಖರೀದಿದಾರರ ಹತ್ತಿರ ಕಳಿಸಿದರು. "ನಾನು ಕಳಿಸಿದೆ ಅನ್ನು" ಅಂದರು.

ಮೂರು ಚೀಲ ಕೊಟ್ಟರು. ಎರಡಕ್ಕೆ ನಗದು, ಒಂದಕ್ಕೆ ಮುಂದಿನ ಗುರುವಾರ. ಗುರುವಾರ ಚಿಕ್ಕಮ್ಮನ ಮಗಳ ಮದುವೆ ಇತ್ತು, ಬುಧವಾರವೇ ಹೋಗಿ ಕೊಟ್ಟೆ. ಎಣಿಸಿಕೊಂಡರು, ಏನೂ ಅನ್ನಲಿಲ್ಲ.

ಕೆಟ್ಟ ಸುದ್ದಿ ಏನಂದರೆ ಒಂದು ಚೀಲದ ಪುಡಿ ಬಣ್ಣ ಬರಲಿಲ್ಲ. ಹಾವೇರಿಯ ಒಂದು ಖಾನಾವಳಿ 12 ಕೆಜಿ ವಾಪಸ್ ಕಳಿಸಿದೆ. ತಪ್ಪು ನನ್ನದೇ. ಬಿಳಿಚಿದ ಕಾಯಿ ಆರಿಸದೆ ಬೀಸಿಸಿದ್ದೆ. ಅಪ್ಪ ಏನೂ ಬೈಯಲಿಲ್ಲ, "ವಾಪಸ್ ಬಂದ ಉತ್ತರಪತ್ರಿಕೆ ಥರ ಇದೆ" ಅಂದರು. ಈ 12 ಕೆಜಿ ಏನು ಮಾಡಲಿ?

ಘಾಟು
ಭೂಮಿ-ಆಕಾಶ ಅಂದರೆ ಎಷ್ಟು? ಹೇಳಲೇಬೇಕು.

ಮೇಷ್ಟ್ರ_ಮಗ
ಹೇಳಲ್ಲ.

ಲಾಟ್_ನಂಬರ್
ಬುಧವಾರ ಕೊಟ್ಟಿದ್ದು ಅವರ ಲೆಕ್ಕದಲ್ಲಿ ಬರೆದಿರುತ್ತಾರೆ ತಮ್ಮಾ, ಬಿಡು. ಪುಡಿ ವಿಷಯ ಅಕ್ಕನನ್ನ ಕೇಳು.

ಸಂಘದ_ಅಕ್ಕ
ಬೂಸ್ಟು ವಾಸನೆ ಇದೆಯಾ, ಬರೀ ಬಣ್ಣ ಕಡಿಮೆನಾ? ವಾಸನೆ ಇದ್ದರೆ ಬೇರೆ ಮಾತಿಲ್ಲ, ತಿಪ್ಪೆಗೆ ಹಾಕು, ಯಾರಿಗೂ ಮಾರಬೇಡ. ಬಣ್ಣ ಮಾತ್ರ ಕಡಿಮೆ ಅಂದರೆ ಶೇಂಗಾ ಚಟ್ನಿಗೆ ನಡೆಯುತ್ತೆ. ಕಾಲು ಕೆಜಿ ಬಸ್ಸಿನಲ್ಲಿ ಕಳಿಸು, ನೋಡಿ ಹೇಳುತ್ತೇನೆ. ಸರಿ ಇದ್ದರೆ ಹನ್ನೆರಡೂ ಕೆಜಿ ನಾನೇ ತಗೊಳ್ಳುತ್ತೇನೆ, ದರ ಕಡಿಮೆ ಮಾಡಬೇಕು. ನಂಬರ್ ಮೆಸೇಜಿನಲ್ಲಿ ಹಾಕಿದ್ದೇನೆ, ಮೂರು ಗಂಟೆ ಮೇಲೆ ಫೋನ್ ಮಾಡು.